ಮಕ್ಕಳ ಕೈಗೆ ಸಿಕ್ಕ ಗೋಡೆ

ನಾನು ಓದಿದ ಶಾಲೆಯಲ್ಲಿ ಭಾರತದ ಭೂಪಟ, ಹೃದಯದ ಸೀಳುಚಿತ್ರ, ವರ್ಣಮಾಲೆ ಎಲ್ಲವೂ ತೊಲೆಯ ಹತ್ತಿರ ತೂಗುತ್ತಿದ್ದವು. ಕತ್ತು ನೋಯುವಷ್ಟು ಮೇಲೆ ನೋಡಿದರೂ ಅಕ್ಷರ ಕಾಣುತ್ತಿರಲಿಲ್ಲ. ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಮೇಷ್ಟ್ರು ಬೆಂಚು ಹತ್ತಿ ಧೂಳು ಒರೆಸುತ್ತಿದ್ದರು. ನಮ್ಮ ಕೈಗೆಟುಕುವ ಗೋಡೆಯಲ್ಲಿ ಇದ್ದದ್ದು ಬರೀ ಸುಣ್ಣ.

ಆ ಕೆಳಗಿನ ಗೋಡೆ ಮಕ್ಕಳ ಪಾಲಿಗೆ ಬಂದದ್ದರ ಹಿಂದೆ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲಾ ಶಿಕ್ಷಕರಿದ್ದಾರೆ. 1995ರಲ್ಲಿ ಯುನಿಸೆಫ್ ನೆರವಿನಿಂದ ಅವರಲ್ಲಿ ಕೆಲವರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿಬಂದರು. ಅಲ್ಲಿನ ಹಳ್ಳಿಶಾಲೆಗಳಲ್ಲಿ ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದಿದ್ದರು. ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತಿತ್ತು. ಒಬ್ಬರೇ ಮೇಷ್ಟ್ರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನಿಭಾಯಿಸಬೇಕಾದ ಶಾಲೆಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. ಊರಿಗೆ ಮರಳಿದವರು ಹಾಡು, ಕಥೆ, ಆಟ ಬೆರೆಸಿ ಕನ್ನಡದ ಕಾರ್ಡುಗಳನ್ನು ತಾವೇ ಕೂತು ಮಾಡಿದರು. ಅದೇ ನಲಿ-ಕಲಿ.

ಕಲಿಸುವ ರೀತಿ ಬದಲಾದ ಮೇಲೆ ಗೋಡೆ ಸುಮ್ಮನಿರಲು ಆಗಲಿಲ್ಲ. ಗುಂಪು ಗುಂಪಾಗಿ ಕುಳಿತ ಮಕ್ಕಳಿಗೆ ‘ಮುಂದೇನು’ ಎಂದು ಹೇಳುವವರು ಯಾರು? ಕಾರ್ಡುಗಳ ಕ್ರಮ ತೋರಿಸುವ ಕಲಿಕಾ ಏಣಿ ಗೋಡೆಗೆ ಬಂತು. ಓದು ಬಾರದ ಮಗುವೂ ಅದರಲ್ಲಿನ ಚಿಹ್ನೆ ನೋಡಿ ತನ್ನ ಕಾರ್ಡು ಹುಡುಕಿಕೊಳ್ಳುತ್ತದೆ. ಗೋಡೆಯ ಕೆಳಭಾಗ ಕಪ್ಪಾಗಿ, ಮಕ್ಕಳಿಗೆ ತಮ್ಮ ತಮ್ಮ ಬರೆಯುವ ಜಾಗ ಸಿಕ್ಕಿತು. ತಲೆಯ ಮೇಲೆ ಅಡ್ಡಡ್ಡ ದಾರ ಕಟ್ಟಿ ಮಕ್ಕಳ ಚಿತ್ರ, ಕಾಗದದ ಕೆಲಸ ತೂಗುಬಿಟ್ಟರು. ಅದಕ್ಕೆ ಚಪ್ಪರ ಎಂದೇ ಹೆಸರು. ಮದುವೆಮನೆಯ ಸಡಗರವನ್ನು ತರಗತಿಗೆ ತಂದ ಆ ಪದ ನನಗೆ ತುಂಬ ಇಷ್ಟ.

ಅಕ್ಷರಗಳ ಸಾಲೂ ಬೇರೆಯಾಯಿತು. ನಲಿ-ಕಲಿ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂದು ಶುರುವಾಗುತ್ತದೆ. ಐದೇ ಅಕ್ಷರ ಕಲಿತ ಮಗು ಸರ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ. ಕೊಂಬು, ದೀರ್ಘ, ಒತ್ತು ಯಾವುದರ ಹಂಗೂ ಇಲ್ಲ. ಹಾಗಿದ್ದಮೇಲೆ ಆ ಮಗುವಿನ ಕಣ್ಣೆದುರು ಈ ವಾರ ಇರಬೇಕಾದದ್ದು ಈ ಐದು ಅಕ್ಷರ, ಅವುಗಳಿಂದಾದ ಪದಗಳು. ಅಂಗಡಿಯಿಂದ ತಂದ, ಐವತ್ತು ಬಣ್ಣದ ಚೌಕಗಳ ವರ್ಣಮಾಲೆ ಕೋಣೆಗೆ ಅಲಂಕಾರವಾದೀತು, ಮಗುವಿಗೆ ದಾರಿ ತೋರಿಸದು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಚಿಕ್ಕ ತರಗತಿಗಳ ಗೋಡೆಗೆ 4 ಅಡಿ ಎತ್ತರದವರೆಗೆ ಕಪ್ಪು ಬಳಿದು ಮಕ್ಕಳಿಗೇ ಬಿಡಬಹುದೆಂದಿತು. 2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು.

ಹರಡುವಾಗ ಒಂದು ಅಪಾಯವೂ ಜೊತೆಗೆ ಬಂತು: ಗೋಡೆ ತುಂಬಿಸುವ ಆಸೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 24 ಪುಟ್ಟ ಮಕ್ಕಳಿಗೆ ಎರಡು ಬಗೆಯ ಕೋಣೆಯಲ್ಲಿ ಪಾಠ ಮಾಡಿದ್ದರು. ಗೋಡೆ ಖಾಲಿಯಿದ್ದಾಗ ಮಕ್ಕಳ ಸರಿ ಉತ್ತರ ಶೇ 55. ಗೋಡೆ ತುಂಬ ಚಿತ್ರಗಳಿದ್ದಾಗ ಶೇ 42. ಮಕ್ಕಳು ಕಡಿಮೆ, ಕೋಣೆಯೂ ಪ್ರಯೋಗದ್ದು, ನಿಜ. ಆದರೂ ಒಮ್ಮೆ ಅಂಟಿಸಿ ವರ್ಷಗಟ್ಟಲೆ ತೆಗೆಯದ ಚಾರ್ಟುಗಳನ್ನು ಕಂಡಾಗಲೆಲ್ಲ ನನಗೆ ಈ ಅಂಕಿಗಳು ನೆನಪಾಗುತ್ತವೆ. ಏನು ಅಂಟಿಸಲಿ ಎಂದು ಕೇಳುವ ಶಿಕ್ಷಕಿಗೆ ನಾನು ಹೇಳುವುದು, ಮೊದಲು ಏನು ತೆಗೆಯಲಿ ಎಂದು ನೋಡಿ ಅಂತ.

ಜುಲೈ ತಿಂಗಳ ಒಂದು ದಿನ ಹಳ್ಳಿಯ ಶಾಲೆಯೊಂದರಲ್ಲಿ ಕುಳಿತಿದ್ದೆ. ಎರಡನೇ ತರಗತಿಯ ಹುಡುಗಿಯೊಬ್ಬಳು ಬೆಳಿಗ್ಗೆ ಹೊಸಿಲಾಚೆ ಹೋಗಿ ಆಕಾಶ ನೋಡಿ ಬಂದು, ಗೋಡೆಯ ಹವಾಮಾನ ನಕ್ಷೆಯಲ್ಲಿ ಅಂದಿನ ಚೌಕದೊಳಗೆ ಸೂರ್ಯನನ್ನು ಬರೆದಿದ್ದಳು. ಊಟದ ಹೊತ್ತಿಗೆ ಮಳೆ ಹೊಯ್ಯಿತು. ಕೈ ತೊಳೆದವಳೇ ನೇರ ನಕ್ಷೆಯ ಮುಂದೆ ನಿಂತಳು. ಅಳಿಸಲೇ ಎಂದು ಮಿಸ್ಸನ್ನು ಕೇಳಿದಳು. ‘ಬೆಳಿಗ್ಗೆ ಬಿಸಿಲಿತ್ತಲ್ಲವಾ?’ ಎಂದರು ಅವರು. ಹುಡುಗಿ ತುಸು ಹೊತ್ತು ಯೋಚಿಸಿ, ಸೂರ್ಯನ ಪಕ್ಕದಲ್ಲಿ ಉಳಿದಿದ್ದ ಚೂರು ಜಾಗದಲ್ಲೇ ಒಂದು ಪುಟ್ಟ ಕೊಡೆ ಬರೆದಳು.