ಕೋಡಿಯ ಮಠದ ಅನ್ನಸತ್ರವೂ ಶರಣರ ದಾಸೋಹವೂ

ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ, ಸುಮಾರು ಕ್ರಿ.ಶ. 1100ರ ಕೈಟಭೇಶ್ವರ ದೇವಾಲಯವಿದೆ. ಅದರ ತೆರೆದ ಮಹಾಮಂಟಪ, ನುಣುಪಾಗಿ ಕಡೆದ ಕಂಬಗಳು, ಅಂಚಿನ ಕಕ್ಷಾಸನ ಇವೆಲ್ಲ ಬಂದವರನ್ನು ಕುಳ್ಳಿರಿಸಿಕೊಳ್ಳುವ ವಾಸ್ತು. ಆದರೆ ಅಂದಿನ ಸತ್ರಗಳನ್ನು ಹುಡುಕಹೊರಟರೆ ಈ ಸೀಮೆಯಲ್ಲಿ ನಿರಾಶೆಯೇ ಗತಿ. ದೇವರ ಮನೆ ಕಲ್ಲಿನದು; ಉಣ್ಣುವ, ತಂಗುವ ಮನೆಗಳು ಬಹುಮಟ್ಟಿಗೆ ಮರಮಣ್ಣುಗಳವು. ಆದುದರಿಂದ ಸತ್ರದ ಚರಿತ್ರೆಯನ್ನು ಗೋಡೆಗಳಲ್ಲಿ ಅಲ್ಲ, ಶಾಸನಗಳಲ್ಲಿ ಓದಬೇಕು.

ಅಂತಹ ಶಾಸನಗಳಲ್ಲಿ ಶ್ರೇಷ್ಠವಾದುದು ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿದೆ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಯತಿಗಳ ನೆಲೆ. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವು ಅದನ್ನು ವೇದ, ವ್ಯಾಕರಣ, ದರ್ಶನಗಳ ವ್ಯಾಖ್ಯಾನಸ್ಥಾನವೆಂದು ಹೊಗಳಿ, ಅಷ್ಟಕ್ಕೇ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ನರ್ತಿಸುವವರು. ಜೈನ ಕ್ಷಪಣಕರು, ಏಕದಂಡಿ ತ್ರಿದಂಡಿಗಳು, ನಾನಾ ದೇಶದ ಭಿಕ್ಷುಕರು—ಇವರೆಲ್ಲರಿಗೂ ಅಲ್ಲಿ ಅನ್ನವುಂಟು. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯುಂಟು. ಸಕಲ ಜೀವಿಗಳಿಗೂ ಅಭಯವುಂಟು. ಶೈವ ಮಠದ ಪಂಕ್ತಿಯಲ್ಲಿ ಪರಮತದ ಯತಿಗೂ ಎಡೆಯಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಇಂತಹ ಸತ್ರಗಳಿಗೆ ಆಧಾರ ಭೂದತ್ತಿ. ದತ್ತಿಶಾಸನಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರ, ದೇವರ ಅಂಗಭೋಗ, ತಪೋಧನರ ಆಹಾರದಾನ, ವಿದ್ಯಾದಾನಗಳು ಒಟ್ಟಿಗೇ ಬರುತ್ತವೆ. ಬಿರುಕು ಬಿಟ್ಟ ಗೋಡೆಯನ್ನು ಸರಿಪಡಿಸುವುದೂ ಹಸಿದ ಹೊಟ್ಟೆಯನ್ನು ತುಂಬುವುದೂ ಒಂದೇ ಧರ್ಮದ ಎರಡು ಮುಖಗಳೆಂಬುದು ಹಿರಿಯರ ಭಾವ.

ಅದೇ ಬಿಜ್ಜಳನ ಕಾಲದಲ್ಲಿ ಕಲ್ಯಾಣದ ಬಸವಣ್ಣನವರ ಮಹಾಮನೆಯಲ್ಲಿ ದಾಸೋಹ ನಡೆಯಿತು. ಅಲ್ಲಮಪ್ರಭುದೇವರೂ ಬಳ್ಳಿಗಾವೆಯ ಸೀಮೆಯಿಂದಲೇ ಬಂದವರೆಂಬುದು ಪರಂಪರೆ. ಹಾಗಾದರೆ ಸತ್ರಕ್ಕೂ ದಾಸೋಹಕ್ಕೂ ಭೇದವೇನು? ಸತ್ರದಲ್ಲಿ ಅರಸನ ದತ್ತಿ ಅನ್ನವಾಗುತ್ತದೆ. ದಾಸೋಹದಲ್ಲಿ ಭಕ್ತನ ಕಾಯಕ ಅನ್ನವಾಗುತ್ತದೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ‘ದಾಸೋಽಹಂ’ ಎಂದ ಮೇಲೆ ಕೊಡುವವನೇ ದಾಸ, ಉಣ್ಣುವ ಜಂಗಮನೇ ಒಡೆಯ. ಕೋಡಿಯ ಮಠವು ಪಂಕ್ತಿಯನ್ನು ವಿಸ್ತರಿಸಿತು. ಶರಣರು ಬಡಿಸುವವನ ಅಹಂಕಾರವನ್ನು ಅಳಿಸಿದರು. ಒಂದನ್ನು ಬಿಟ್ಟು ಇನ್ನೊಂದು ಪೂರ್ಣವಾಗದು.

ತುಮಕೂರಿನ ಸಿದ್ಧಗಂಗೆಯೇ ಮೊದಲಾದ ಮಠಗಳಲ್ಲಿ ಇಂದಿಗೂ ಸಾವಿರಾರು ಮಕ್ಕಳು ಉಂಡು ಓದುತ್ತಿದ್ದಾರೆ. ಅನ್ನ, ಅಕ್ಷರ, ಆಶ್ರಯಗಳ ಈ ಕೂಟಕ್ಕೆ 1162ರ ಶಾಸನವು ಹಿರಿಯ ಸಾಕ್ಷಿ. ನಮ್ಮೂರುಗಳಲ್ಲಿ ದಾಸೋಹಭವನ ಕಟ್ಟುವ ಭಕ್ತರು ಚಾವಣಿಯ ಎತ್ತರವನ್ನು ಅಳೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಪರಿಚಯವಿಲ್ಲದ ಹಸಿದವನು ಈ ಬಾಗಿಲಿಗೆ ಬಂದರೆ ಅವನಿಗೆ ಇಲ್ಲಿ ಎಡೆಯುಂಟೆ?