ಹೆಸರು ಪಾಮರ್, ಕೈ ಮಾತ್ರ ಪಂಡಿತನದು

ಮೂರು ತಿಂಗಳ ಹಿಂದಿನ ಒಂದು ಶುಕ್ರವಾರ. ಮೂರು ವಾರ ಹಗಲು ರಾತ್ರಿ ಕೂತು ತಯಾರಿಸಿದ ವರದಿ ಆಫೀಸಿನಿಂದ ಗ್ರಾಹಕರಿಗೆ ಹೋಯಿತು. ಮುಖಪುಟದಲ್ಲಿ ಮೂರು ಹೆಸರುಗಳಿದ್ದವು, ನನ್ನದಿರಲಿಲ್ಲ. ಮುಂಬೈಗೆ ಬಂದು ಹನ್ನೆರಡು ವರ್ಷವಾಯಿತು, ಇದೇನು ಮೊದಲ ಸಲವಲ್ಲ. ಆದರೂ ಆ ಸಂಜೆ ಡೊಂಬಿವಿಲಿ ಲೋಕಲ್‌ನಲ್ಲಿ ಒಂಟಿಕಾಲಲ್ಲಿ ನಿಂತು ಬರುವಾಗ, ಎಲ್ಲ ಬಿಟ್ಟು ಊರಿಗೆ ಹೋಗಿಬಿಡೋಣ ಅನ್ನಿಸಿತು.

ಕಿವಿಯಲ್ಲಿ ಇಯರ್‌ಫೋನ್ ಇತ್ತು. ಫೋನು ತನ್ನಿಷ್ಟದ ಹಾಡು ಹಾಕುತ್ತಿತ್ತು. 'ಟುಟಿ ಫ್ರುಟಿ' ಬಂತು. ನಮಗೆ ಟುಟಿ ಫ್ರುಟಿ ಎಂದರೆ ಬೇಕರಿ ಬನ್ನಿನೊಳಗಿನ ಕೆಂಪು, ಹಸಿರು ಚೂರುಗಳು. ಇದು ಅಮೆರಿಕದ ಲಿಟಲ್ ರಿಚರ್ಡ್ 1955ರಲ್ಲಿ ಹಾಡಿದ್ದು. ಹಾಡಿದವರ ಹೆಸರು ಜಗತ್ತಿಗೇ ಗೊತ್ತು. ಹಿಂದೆ ಡ್ರಮ್ಸ್ ಬಾರಿಸಿದವರು ಯಾರು? ಆ ದಿನದ ಸಿಟ್ಟಿಗೆ ನನಗೆ ಆ ಹೆಸರೇ ಬೇಕಾಗಿತ್ತು. ಹುಡುಕಿದೆ, ಸಿಕ್ಕಿತು: ಅರ್ಲ್ ಪಾಮರ್. ನಮ್ಮಲ್ಲಿ ಪಾಮರ ಎಂದರೆ ಏನೂ ತಿಳಿಯದವನು. ಈ ಪಾಮರ್ ಮಾತ್ರ ಲಯದ ಪಂಡಿತ.

ಪಾಮರ್ 1924ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದರು. ಐದನೆಯ ವಯಸ್ಸಿಗೇ ತಾಯಿ ಮತ್ತು ಆಕೆಯ ಸಹೋದರಿಯ ಜೊತೆ ವೇದಿಕೆ ಹತ್ತಿ ಟ್ಯಾಪ್ ಡ್ಯಾನ್ಸ್ ಮಾಡುತ್ತಿದ್ದರು. ಲಯ ಕೈಗೆ ಬರುವ ಮೊದಲೇ ಕಾಲಿಗೆ ಬಂದಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದು ಮರಳಿದ ಮೇಲೆ, ಮಾಜಿ ಸೈನಿಕರಿಗೆ ಸರ್ಕಾರ ಕೊಡುತ್ತಿದ್ದ ನೆರವಿನಲ್ಲಿ ಸಂಗೀತ ಶಾಲೆ ಸೇರಿ ಸ್ವರಲಿಪಿ ಓದಲು ಕಲಿತರು. ಮುಂದೆ ಅವರ ಅನ್ನಕ್ಕೆ ದಾರಿಯಾದದ್ದು ಈ ಓದು.

1947ರಲ್ಲಿ ಡೇವ್ ಬಾರ್ಥಲೊಮ್ಯೂ ಅವರ ತಂಡ ಸೇರಿದರು. 1949ರ ಡಿಸೆಂಬರ್‌ನಲ್ಲಿ ಫ್ಯಾಟ್ಸ್ ಡಾಮಿನೊ ಹಾಡಿದ 'ದಿ ಫ್ಯಾಟ್ ಮ್ಯಾನ್'ಗೆ ಡ್ರಮ್ಸ್ ಬಾರಿಸಿದ್ದು ಇವರೇ. ನಾಲ್ಕು ಎಣಿಕೆಯ ತಾಳಕ್ಕೆ ನಾವು ಚಪ್ಪಾಳೆ ತಟ್ಟುವುದು ಒಂದರ ಮೇಲೆ. ಪಾಮರ್ ಎರಡು ಮತ್ತು ನಾಲ್ಕರ ಮೇಲೆ ಬಲವಾಗಿ ಹೊಡೆದರು. ಅವರೂರಿನ ಜಾಝ್ ತಂಡಗಳು ಹಾಡಿನ ಕೊನೆಯ ಸುತ್ತಿಗೆ ಮೀಸಲಿಡುತ್ತಿದ್ದ ಹೊಡೆತವನ್ನು ಅವರು ಹಾಡಿನುದ್ದಕ್ಕೂ ಹರಿಸಿದರು. ಮುಂದೆ ಲಿಟಲ್ ರಿಚರ್ಡ್ ಜೊತೆ ನುಡಿಸುವಾಗ ಇನ್ನೊಂದು ಬದಲಾವಣೆಯಾಯಿತು. ನಮ್ಮ ಸಂಗೀತದ ಮಾತಿನಲ್ಲಿ ಸ್ಥೂಲವಾಗಿ ಹೇಳುವುದಾದರೆ, ಜಾಝ್‌ನ ಓಲಾಟ ತಿಶ್ರ ನಡೆಗೆ ಹತ್ತಿರ. ಲಿಟಲ್ ರಿಚರ್ಡ್ ಅವರ ಬಲಗೈ ಪಿಯಾನೊ ಕುಟ್ಟುತ್ತಿದ್ದುದು ನೇರ ಚತುರಶ್ರದಲ್ಲಿ. ಆ ಕೈಗೆ ಹೊಂದಲೆಂದು ಪಾಮರ್ ತಮ್ಮ ನಡೆಯನ್ನೇ ಬದಲಿಸಿದರು. ರಾಕ್ ಅಂಡ್ ರೋಲ್‌ನ ನಡಿಗೆ ರೂಪುಗೊಂಡದ್ದರಲ್ಲಿ ಈ ಹೊಂದಾಣಿಕೆಯ ಪಾಲು ದೊಡ್ಡದು.

1957ರಲ್ಲಿ, ಮೂವತ್ತು ದಾಟಿದ ಮೇಲೆ, ಗಂಟುಮೂಟೆ ಕಟ್ಟಿ ಲಾಸ್ ಏಂಜಲೀಸ್‌ಗೆ ಹೊರಟರು. ಹುಟ್ಟಿದೂರಿನಲ್ಲಿ ಸಂಗೀತವಿತ್ತು, ಕರಿಯರನ್ನು ಬಿಳಿಯರಿಂದ ಬೇರೆ ಕೂರಿಸುವ ಕಟ್ಟಳೆಯೂ ಇತ್ತು. ಕೆಲಸವಿದ್ದದ್ದು ಹಾಲಿವುಡ್ಡಿನ ಸ್ಟುಡಿಯೊಗಳಲ್ಲಿ. ಊರು ಬಿಟ್ಟು ಬಂದ ನಮಗೆ ಈ ಲೆಕ್ಕಾಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಟುಡಿಯೊ ವಾದಕರ ಪಾಳಿ ಸಾಮಾನ್ಯವಾಗಿ ಮೂರು ಗಂಟೆಯದು. ಸಮಯಕ್ಕೆ ಸರಿಯಾಗಿ ಬರಬೇಕು. ಆವರೆಗೆ ಕಂಡಿರದ ಹಾಡಿನ ಹಾಳೆ ಮುಂದೆ ಬಂದರೆ ನೋಡಿದ ಕೂಡಲೇ ನುಡಿಸಬೇಕು. ಕೆಂಪು ದೀಪ ಹತ್ತಿದರೆ ತಪ್ಪುವಂತಿಲ್ಲ. ಮುಗಿದ ಮೇಲೆ ಡ್ರಮ್ಸ್ ಕಟ್ಟಿಕೊಂಡು ಮುಂದಿನ ಸ್ಟುಡಿಯೊಗೆ. 1958ರ 'ಲಾ ಬಾಂಬಾ', 1964ರ 'ಯೂ ಹ್ಯಾವ್ ಲಾಸ್ಟ್ ದಟ್ ಲವಿನ್ ಫೀಲಿನ್' ಹೀಗೆ ಅವರ ಕೈಯಿಂದ ದಾಟಿಹೋದ ಹಾಡುಗಳು. ಆ ಕಾಲದ ಪಾಪ್ ರೆಕಾರ್ಡುಗಳ ಮೇಲೆ ವಾದಕರ ಹೆಸರು ಹಾಕುವ ರೂಢಿ ಇರಲಿಲ್ಲ. ತಮಾಷೆಯೆಂದರೆ, ರಾಕ್‌ಗೆ ನಡೆ ಕಲಿಸಿದ ಈ ಮನುಷ್ಯ ತನ್ನನ್ನು ಕೊನೆಯವರೆಗೂ ಜಾಝ್ ವಾದಕನೆಂದೇ ತಿಳಿದಿದ್ದರು.

ನಾವಿರುವ ಮುಂಬೈಯಲ್ಲೂ ಇದೇ ಕಥೆಯಿದೆ. ಗೋವಾದಿಂದ ಬಂದ ಎಷ್ಟೋ ವಾದಕರು ರಾತ್ರಿ ಹೋಟೆಲುಗಳಲ್ಲಿ ಜಾಝ್ ನುಡಿಸಿ, ಹಗಲು ಹಿಂದಿ ಚಿತ್ರಗಳ ಆರ್ಕೆಸ್ಟ್ರಾದಲ್ಲಿ ಕೂರುತ್ತಿದ್ದರು. ಪರದೆಯ ಮೇಲೆ ಬರುತ್ತಿದ್ದುದು ಸಂಗೀತ ನಿರ್ದೇಶಕರ ಹೆಸರು.

ಇಷ್ಟು ಓದಿದಾಗ ನನಗೊಂದು ಸಮಾಧಾನ ಸಿಕ್ಕಿತ್ತು: ಹೆಸರು ಬಾರದಿದ್ದರೇನು, ಕೆಲಸ ಉಳಿಯುತ್ತದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಪಾಮರ್ ಅಲ್ಲಿ ನಿಲ್ಲಲಿಲ್ಲ. 1982ರಲ್ಲಿ ಲಾಸ್ ಏಂಜಲೀಸ್‌ನ ವಾದಕರ ಸಂಘದ ಚುನಾವಣೆಯಲ್ಲಿ ಗೆದ್ದು ಖಜಾಂಚಿಯಾದರು. ವಾದಕರ ದರ, ಕರಾರು ನೋಡಿಕೊಳ್ಳುವ ಸಂಘ ಅದು. ಪರದೆಯ ಹಿಂದಿನವರ ಲೆಕ್ಕ ಪರದೆಯ ಹಿಂದಿದ್ದವರ ಕೈಗೇ ಬಂತು. 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಹವಾದಕರಿಗೆಂದೇ ಮೊದಲ ಬಾರಿ ಒಂದು ವಿಭಾಗ ತೆರೆದು ಐವರನ್ನು ಸೇರಿಸಿಕೊಂಡಿತು. ಅವರಲ್ಲಿ ಪಾಮರ್ ಒಬ್ಬರು. ಆಗ ಅವರಿಗೆ 75. ತೀರಿಕೊಂಡದ್ದು 2008ರಲ್ಲಿ.

ಧೈರ್ಯ ಮಾಡಿ ಮೇಲಿನವರ ಬಳಿ ಹೋದೆ. ವರದಿಯ ಕೊನೆಯ ಪುಟದಲ್ಲಿ 'ತಯಾರಿಸಿದವರು' ಎಂದು ಒಂದು ಸಾಲು ಇರಲಿ ಎಂದೆ. ಅವರು ತಲೆಯೆತ್ತಿ, "ಸರಿ, ಯಾರ್ಯಾರ ಹೆಸರು? ಬರೆದುಕೊಡಿ" ಎಂದರು.

ಪೆನ್ನು ಹಿಡಿದು ಕೂತಾಗ ಕೈ ತಡೆಯಿತು. ಆ ಮೂರು ವಾರವೂ ಅಂಕಿಅಂಶಗಳನ್ನು ಒಂದೊಂದಾಗಿ ತಾಳೆ ನೋಡಿದವಳು ಹೊಸದಾಗಿ ಸೇರಿದ ಹುಡುಗಿ. ಅವಳ ಹೆಸರನ್ನು ನಾನೂ ಯಾರ ಮುಂದೆಯೂ ಎತ್ತಿರಲಿಲ್ಲ.

ಮೊದಲು ಅವಳ ಹೆಸರು ಬರೆದೆ. ಆಮೇಲೆ ನನ್ನದು.