ಮುಗಿಲಿನಿಂದ ಕಂಡ ಹಡಗುಗಳು

ಸಮುದ್ರಯುದ್ಧದ ಚಿತ್ರವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಭೋರ್ಗರೆಯುವ ಅಲೆಗಳು, ಬೆಂಕಿ ಉಗುಳುವ ಫಿರಂಗಿಗಳು, ಎದೆಯೊಡ್ಡಿ ನಿಂತ ವೀರರು. ಇಂಗ್ಲೆಂಡಿನ ಕಲಾವಿದ ರಿಚರ್ಡ್ ಯೂರಿಕ್ 1941ರಲ್ಲಿ ರಚಿಸಿದ ಚಿತ್ರವೊಂದು ಈ ಕಲ್ಪನೆಯನ್ನು ತಲೆಕೆಳಗು ಮಾಡುತ್ತದೆ. ‘ಆಕಾಶದಿಂದ ಕಂಡಂತೆ, ಕಾನ್ವಾಯ್ ಮೇಲೆ ದಾಳಿ’ ಎಂಬುದು ಅದರ ಹೆಸರಿನ ಅರ್ಥ. ಇಲ್ಲಿ ನೋಡುವವನು ಹಡಗಿನಲ್ಲಿಲ್ಲ, ದಡದಲ್ಲಿಯೂ ಇಲ್ಲ. ಬಾಂಬು ಹಾಕಲು ಬಂದ ವೈಮಾನಿಕನಂತೆ ಮುಗಿಲಿನಲ್ಲಿ ನಿಂತಿದ್ದಾನೆ!

ಸರಕು ಹಡಗುಗಳು ಒಂಟಿಯಾಗಿ ಹೋಗದೆ, ಸಾಲುಗಟ್ಟಿ, ಯುದ್ಧನೌಕೆಗಳ ಬೆಂಗಾವಲಿನಲ್ಲಿ ಸಾಗುವುದನ್ನು ಕಾನ್ವಾಯ್ ಎನ್ನುತ್ತಾರೆ. ಎಲ್ಲಕ್ಕಿಂತ ನಿಧಾನವಾದ ಹಡಗಿನ ವೇಗವೇ ಇಡೀ ತಂಡದ ವೇಗ. ಆದುದರಿಂದ ಶತ್ರುವಿಮಾನಗಳಿಗೆ ಅದು ಸುಲಭದ ಬೇಟೆ. 1940ರ ಜುಲೈ 10ರಂದು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಹೋಗುತ್ತಿದ್ದ ಕಾನ್ವಾಯ್ ಒಂದರ ಮೇಲೆ ಜರ್ಮನ್ ವಿಮಾನಗಳು ಎರಗಿದವು. ‘ಬ್ರಿಟನ್ ಕದನ’ವು ಆ ದಿನದಿಂದಲೇ ಆರಂಭವಾಯಿತೆಂದು ಇಂಗ್ಲೆಂಡಿನಲ್ಲಿ ಗಣಿಸುತ್ತಾರೆ. ಆ ಕರಾವಳಿಯ ಹಡಗುಗಳಲ್ಲಿ ಅನೇಕವು ಹೊತ್ತದ್ದು ಮದ್ದುಗುಂಡನ್ನಲ್ಲ, ಕಲ್ಲಿದ್ದಲನ್ನು. ಅದು ಬಾರದಿದ್ದರೆ ಮನೆಗಳಲ್ಲಿ ದೀಪವಿಲ್ಲ, ಒಲೆಯಿಲ್ಲ.

1903ರಲ್ಲಿ ಬ್ರಾಡ್‌ಫರ್ಡಿನಲ್ಲಿ ಜನಿಸಿದ ಯೂರಿಕ್, ಡಂಕರ್ಕ್ ತೀರದಿಂದ ಸೈನ್ಯ ಹಿಂದೆಗೆದುದನ್ನು ತಾನು ಕಣ್ಣಾರೆ ಕಾಣದಿದ್ದರೂ ಚಿತ್ರಿಸಿ ಹೆಸರಾದನು. ಅನಂತರ ಬ್ರಿಟಿಷ್ ನೌಕಾ ಇಲಾಖೆ ಆತನನ್ನು ಯುದ್ಧಚಿತ್ರಕಾರನನ್ನಾಗಿ ನೇಮಿಸಿತು.

ಮುಗಿಲಿನಿಂದ ನೋಡಿದಾಗ ಹಡಗು ಆಟಿಕೆಯಾಗುತ್ತದೆ. ಅದರೊಳಗಿನ ಮನುಷ್ಯನ ಮುಖ ಕಾಣಿಸದು. ಬಾಂಬು ಹಾಕುವವನ ಕೈ ನಡುಗದಿರುವುದಕ್ಕೆ ಈ ದೂರವೂ ಒಂದು ಕಾರಣವಿರಬೇಕು. ಆದರೆ ಯೂರಿಕ್ ಅಲ್ಲಿಯೇ ನಿಲ್ಲಲಿಲ್ಲ. ಮರುವರ್ಷ, 1942ರಲ್ಲಿ, ಆತನ ಕುಂಚ ನೀರಿನ ಮಟ್ಟಕ್ಕೆ ಇಳಿಯಿತು. ಟಾರ್ಪೆಡೋ ತಗುಲಿ ಮುಳುಗಿದ ಹಡಗಿನಿಂದ ಉಳಿದವರು ಮಗುಚಿದ ದೋಣಿಯನ್ನು ಆತುಕೊಂಡಿರುವ ದೃಶ್ಯವದು. ಚರ್ಚಿಲ್ಲರು ಆ ಚಿತ್ರವನ್ನು ಮೆಚ್ಚಿದರು. ಆದರೆ ಅದನ್ನು ಕಂಡರೆ ವ್ಯಾಪಾರಿ ನಾವಿಕರ ಧೈರ್ಯ ಕುಂದೀತೆಂದು ನೌಕಾ ಇಲಾಖೆ ಅದರ ಪ್ರದರ್ಶನವನ್ನು ತಡೆಯಿತು! ಮುಳುಗುವ ಹಡಗನ್ನು ಜನ ನೋಡಬಹುದು, ಮುಳುಗುವ ಮನುಷ್ಯನನ್ನು ನೋಡಬಾರದು. ಇಂದು ಆ ಚಿತ್ರ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಹಾಗೆ ಮುಳುಗಿದವರಲ್ಲಿ ನಮ್ಮವರೂ ಇದ್ದರೆಂಬುದನ್ನು ಮರೆಯಲಾಗದು. ಬ್ರಿಟಿಷ್ ವ್ಯಾಪಾರಿ ಹಡಗುಗಳ ಬೆಂಕಿಗೂಡಿಗೆ ಕಲ್ಲಿದ್ದಲು ತುಂಬುತ್ತ, ಹಗ್ಗ ಎಳೆಯುತ್ತ, ಅಡಿಗೆ ಮಾಡುತ್ತ ದುಡಿದವರಲ್ಲಿ ಸಹಸ್ರಾರು ಮಂದಿ ಭಾರತದ ಲಸ್ಕರರು. ಆ ಯುದ್ಧದಲ್ಲಿ ಮಡಿದು, ಕಡಲಲ್ಲದೆ ಬೇರೆ ಸಮಾಧಿಯಿಲ್ಲದ 6,000ಕ್ಕೂ ಹೆಚ್ಚು ನಾವಿಕರ ಸ್ಮಾರಕ ಮುಂಬಯಿಯ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿದೆ.

ಯೂರಿಕ್‌ನ ಮುಗಿಲಿನ ಚಿತ್ರವನ್ನು ನೋಡುವಾಗ ನಾವು ತುಸು ಕೆಳಗಿಳಿದು ನೋಡಬೇಕು. ಆ ಪುಟ್ಟ ಹಡಗಿನೊಳಗೆ, ತಲೆಯ ಮೇಲಿನ ವಿಮಾನದ ಸದ್ದನ್ನು ಕೇಳುತ್ತ, ಕೈಯಲ್ಲಿ ಸಲಿಕೆ ಹಿಡಿದು ನಿಂತವನೊಬ್ಬನಿದ್ದಾನೆ. ಆತನ ಕಾಗದಕ್ಕಾಗಿ ಎಲ್ಲಿಯೋ ಒಂದು ಮನೆ ಕಾದು ಕುಳಿತಿದೆ.